ಹೂ ಬಿಡುವ ಮೊದಲೇ ಕೀಳೋಣ

ನಮ್ಮ ದೇವನೂರು ಕಡೂರು ತಾಲ್ಲೂಕಿನ ಊರು. ಕವಿ ಲಕ್ಷ್ಮೀಶನ ಊರು ಎಂದು ಹೆಸರಾಗಿದೆ. ಇಲ್ಲಿ ಮಳೆ ಕಡಿಮೆ. ಆದರೂ ಒಂದು ಹದ ಮಳೆ ಬಿದ್ದರೆ ಸಾಕು. ಶಾಲೆಯ ಬಯಲಲ್ಲಿ, ರಸ್ತೆ ಬದಿಯಲ್ಲಿ, ತಿಪ್ಪೆಯ ಸುತ್ತ ಒಂದು ಗಿಡ ಎದ್ದು ನಿಲ್ಲುತ್ತದೆ. ಅದೇ ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡ ಅಂತೀವಿ.

ಇದು ಅಮೆರಿಕ ಖಂಡದ ಗಿಡ. ನಮ್ಮ ದೇಶದಲ್ಲಿ 1955ರಲ್ಲಿ ಪುಣೆಯಲ್ಲಿ ಕಂಡುಬಂತು. ಆಮೇಲೆ ಎಲ್ಲ ಕಡೆ ಹರಡಿತು.

"ಅಜ್ಜಿ, ಕೈಯೆಲ್ಲ ಯಾಕೆ ಹಿಂಗೆ ಕೆಂಪಗಾಗಿದೆ?"
"ಬರಿಗೈಲಿ ಆ ಗಿಡ ಕಿತ್ತೆ ಕಣವ್ವ. ರಾತ್ರಿಯೆಲ್ಲ ತುರಿಕೆ. ಇವತ್ತು ಕೂಲಿಗೂ ಹೋಗಲಿಲ್ಲ."

ಇಂಥ ಮಾತು ನಾವೆಲ್ಲ ಕೇಳಿದ್ದೇವೆ. ಈ ಗಿಡ ಸೋಕಿದರೆ ಕೆಲವರಿಗೆ ಚರ್ಮ ತುರಿಸುತ್ತದೆ. ಇದರ ಹೂವಿನ ಪುಡಿಯಿಂದ ಸೀನು, ಉಬ್ಬಸ ಬರಬಹುದು. ಹಸು ತಿಂದರೆ ಹಾಲು ಕಹಿಯಾಗುತ್ತದೆ.

ಗುರುತು ಹೇಗೆ?

ಎಳೆಯ ಗಿಡದ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿರುತ್ತವೆ. ಎಲೆ ಕ್ಯಾರೆಟ್ ಸೊಪ್ಪಿನಂತೆ ಸೀಳಿರುತ್ತದೆ. ಬೆಳೆದ ಗಿಡ ಮೂರು-ನಾಲ್ಕು ಅಡಿ ಎತ್ತರ. ತುದಿಯಲ್ಲಿ ಚಿಕ್ಕ ಚಿಕ್ಕ ಬಿಳಿ ಹೂ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದಕ್ಕೇ ಹೂ ಬಿಟ್ಟ ಮೇಲೆ ಕೀಳುವುದಲ್ಲ, ಹೂ ಬಿಡುವ ಮೊದಲೇ ಕೀಳಬೇಕು.

ನಾವು ಏನು ಮಾಡೋಣ?

1. ಮಳೆ ಬಂದು ನೆಲ ಹಸಿಯಾಗಿದ್ದಾಗ ಬೇರು ಸಮೇತ ಕೀಳೋಣ.
2. ಕೈಗೆ ಕೈಚೀಲ ಇಲ್ಲವೇ ಪ್ಲಾಸ್ಟಿಕ್ ಕವರ್ ಹಾಕೋಣ. ಮೂಗಿಗೆ ಬಟ್ಟೆ ಕಟ್ಟೋಣ. ತುರಿಕೆ, ಉಬ್ಬಸ ಇರುವವರು ಈ ಕೆಲಸಕ್ಕೆ ಬರಬಾರದು.
3. ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಿ, ಸಗಣಿ, ಮಣ್ಣು ಸೇರಿಸಿ ಗೊಬ್ಬರ ಮಾಡೋಣ. ಹೂ, ಬೀಜ ಬಂದ ಗಿಡ ಗೊಬ್ಬರಕ್ಕೆ ಬೇಡ.
4. ಕಲ್ಲುಸಂದಿಯ ಗಿಡಕ್ಕೆ ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ, ಬಿಸಿಲಲ್ಲಿ ಸಿಂಪಡಿಸಬಹುದು. ಹೊಲಕ್ಕೆ, ಹುಲ್ಲಿನ ಬಯಲಿಗೆ ಉಪ್ಪುನೀರು ಬೇಡ. ಬೆಳೆಯೂ ಹುಲ್ಲೂ ಸುಟ್ಟು ಹೋಗುತ್ತವೆ.
5. ಕಿತ್ತ ಖಾಲಿ ಜಾಗದಲ್ಲಿ ಚಗಚೆ ಬೀಜ ಚೆಲ್ಲೋಣ. ಅದು ಒತ್ತಾಗಿ ಬೆಳೆದು ಈ ಕಳೆಯನ್ನು ತಡೆಯುತ್ತದೆ.

ನಮಗೆ ಒಬ್ಬ ಗೆಳೆಯನೂ ಇದ್ದಾನೆ. ಅದು ಮೆಕ್ಸಿಕೋದಿಂದ ತಂದ ಸಣ್ಣ ದುಂಬಿ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಈ ಗಿಡದ ಎಲೆ ತಿನ್ನುತ್ತದೆ. ಕಂಡರೆ ಕೊಲ್ಲಬೇಡಿ.

ಒಬ್ಬರ ಅಂಗಳ ಚೊಕ್ಕಟವಾದರೆ ಸಾಲದು. ಪಕ್ಕದ ಬಯಲಿನ ಬೀಜ ಗಾಳಿಗೆ, ನೀರಿಗೆ ಮತ್ತೆ ಬರುತ್ತದೆ. ಬನ್ನಿ, ಬೀದಿಯವರೆಲ್ಲ ಒಟ್ಟಾಗಿ ಕೀಳೋಣ.

ಉತ್ತರ ಹೇಳಿ, ಬರೆಯಿರಿ:
ಈ ಗಿಡವನ್ನು ಯಾವಾಗ ಕೀಳಬೇಕು? ಯಾಕೆ?
ನಿಮ್ಮ ಬೀದಿಯಲ್ಲಿ ಇದು ಎಲ್ಲೆಲ್ಲಿ ಇದೆ?