ಬಡವರ ಊಟವೂ ಆರೋಗ್ಯವೂ

ಬಡವರ ಮಕ್ಕಳು ಕೃಶರಾಗಿರುವುದನ್ನು ಕಂಡೊಡನೆ, ಅವರ ತಾಯಂದಿರಿಗೆ ತಿಳಿವಳಿಕೆ ಸಾಲದೆಂದು ಹೇಳುವವರು ಬಹು ಮಂದಿ. ಈ ಮಾತನ್ನು ಒಪ್ಪುವುದಕ್ಕೆ ಮುಂಚೆ ಅಕ್ಕಿಯ ಚರಿತ್ರೆಯನ್ನು ಸ್ವಲ್ಪ ವಿಚಾರಿಸಬೇಕು.

1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು, ನುಣುಪು ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರ ಬೆರಿಬೆರಿ ರೋಗವೂ ಇದೇ ಬಗೆಯದು; ತೌಡಿನೊಡನೆ ಬಿ-1 ಜೀವಸತ್ವವು ಹೊರಟುಹೋಗುವುದೇ ಅದಕ್ಕೆ ಕಾರಣ. ನಮ್ಮ ದೇಶದಲ್ಲಿ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಈ ರೋಗವು ಯಂತ್ರದ ಬೆಳ್ತಿಗೆ ಅಕ್ಕಿಯನ್ನುಣ್ಣುತ್ತಿದ್ದ ಆಂಧ್ರ ಕರಾವಳಿಯ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ಕುಚ್ಚಲಕ್ಕಿಯನ್ನುಣ್ಣುವ ಕಡೆಗಳಲ್ಲಿ ಅಪರೂಪವಾಗಿತ್ತು. ಭತ್ತವನ್ನು ಮೊದಲೇ ಬೇಯಿಸಿ ಒಣಗಿಸುವಾಗ ಆ ಸತ್ವವು ಕಾಳಿನ ಒಳಕ್ಕಿಳಿದು ನಿಲ್ಲುವುದರಿಂದ, ಆಮೇಲೆ ಯಂತ್ರಕ್ಕೆ ಹಾಕಿದರೂ ಪೂರ್ತಿಯಾಗಿ ನಷ್ಟವಾಗುವುದಿಲ್ಲ. ನಮ್ಮ ದಕ್ಷಿಣ ಕನ್ನಡದ ಕೂಲಿಯವಳಿಗೆ ಜೀವಸತ್ವದ ಹೆಸರೇ ತಿಳಿದಿರಲಿಲ್ಲ; ಕೈಗೆಟುಕುವ ಅಕ್ಕಿ ಒಳ್ಳೆಯದಾಗಿತ್ತು, ಅಷ್ಟೆ. ಆಂಧ್ರದ ತಾಯಿಯೇನೂ ಇವಳಿಗಿಂತ ಕಡಮೆ ಬುದ್ಧಿಯವಳಾಗಿರಲಿಲ್ಲ. ಆಕೆಯ ಸೀಮೆಯ ವಾಡಿಕೆಯ ಅಕ್ಕಿಯೇ ಬೇರೆ.

ಹಳೆಯ ಮೈಸೂರಿನ ಬಡವರ ರಾಗಿಯೂ ಹೀಗೆಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು. ಬಿಳಿಯ ಅಕ್ಕಿಯಲ್ಲಿ 10ರ ಆಸುಪಾಸು. ಎಲುಬು ಬಲಿಯುವ ವಯಸ್ಸಿನ ಹುಡುಗಿಯರಿಗೆ ಈ ಅಂತರವು ಅಲ್ಪವಲ್ಲ. ರಾಗಿಯನ್ನು ಕೀಳೆಂದೆಣಿಸಿದ ಉಳ್ಳವರ ಬಿಂಕವು ಬಡವರಿಗೂ ಅಂಟಿತೆಂದು ನನಗೆ ತೋರುತ್ತದೆ.

ಈಗ ನ್ಯಾಯಬೆಲೆ ಅಂಗಡಿಯು ಹಸಿವೆಯನ್ನು ಬಹುಮಟ್ಟಿಗೆ ತಡೆದಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿ ದೊರೆಯುವುದು ಮುಖ್ಯವಾಗಿ ಧಾನ್ಯ. ಸೊಪ್ಪು, ಮೊಟ್ಟೆ, ಹಣ್ಣುಗಳನ್ನು ಸಂತೆಯಿಂದಲೇ ದುಡ್ಡು ಕೊಟ್ಟು ತರಬೇಕು. ದಿನಗೂಲಿ ಮುಗಿಸಿ ಕತ್ತಲಾದಮೇಲೆ ಬರುವವಳಿಗೆ ಬಾಡಿದ ಸೊಪ್ಪೇ ಗತಿ. ಹತ್ತು ರೂಪಾಯಿಯ ಬಿಸ್ಕತ್ತು ಮಾತ್ರ ಯಾವ ಹೊತ್ತಿನಲ್ಲಿಯೂ ಸಿಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುವವರು. ಬರಿಯ ಅನ್ನವು ಹೊಟ್ಟೆಯನ್ನು ತುಂಬಿಸಿದರೂ ಬೇಕಾದಷ್ಟು ಕಬ್ಬಿಣಾಂಶವನ್ನು ಕೊಡಲಾರದು.

ಇಂಥಲ್ಲಿ ಬುದ್ಧಿವಾದ ಹೇಳುವುದಕ್ಕಿಂತ ತಟ್ಟೆಗೆ ಬಡಿಸುವುದೇ ಮೇಲು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿತು. 2013ರಲ್ಲಿ ಕರ್ನಾಟಕ ಸರಕಾರವು ಶಾಲಾಮಕ್ಕಳಿಗೆ ಹಾಲನ್ನೂ ಕೊಡತೊಡಗಿತು. ತಂತಮ್ಮ ಊರಿನ ಶಾಲೆಯ ಸಾರಿನಲ್ಲಿ ಬೇಳೆ ಎಷ್ಟಿದೆ, ಸೊಪ್ಪು ಬೀಳುತ್ತದೆಯೇ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಾಗ ಹೋಗಿ ನೋಡಬಹುದು. ಗ್ರಾಮಪಂಚಾಯತಿಯಲ್ಲಿರುವ ಪೋಷಕರು, ಕೂಲಿಯವರು ಮರಳುವ ಸಾಯಂಕಾಲದ ತನಕ ಸಂತೆಯು ನಡೆಯುವಂತೆ ಏರ್ಪಡಿಸಬಹುದು. ಅದಕ್ಕೆ ಹೆಚ್ಚಿನ ದುಡ್ಡೇನೂ ಬೇಕಾಗುವುದಿಲ್ಲ.