ರೂಪಾಯಿಗೆ ಆರು ಪೈಸೆ

ಗ್ರಂಥಾಲಯದ ಕೆಲಸ ಅಂದರೆ ಫ್ಯಾನಿನ ಕೆಳಗೆ ಕೂತು ಕಾದಂಬರಿ ಓದುವುದು ಅಂತ ನಮ್ಮ ನೆಂಟರಿಷ್ಟರು ಈಗಲೂ ನಂಬಿದ್ದಾರೆ. ‘ನಿನಗೇನಮ್ಮಾ, ನೆರಳಲ್ಲಿ ಕೆಲಸ’ ಎನ್ನುತ್ತಾರೆ. ನಾನು ಮೊದಲು ಬಡಾವಣೆಯೊಂದರ ಶಾಖಾ ಗ್ರಂಥಾಲಯದಲ್ಲಿ, ಆಮೇಲೆ ಜಿಲ್ಲಾ ಕೇಂದ್ರದ ದೊಡ್ಡ ಗ್ರಂಥಾಲಯದಲ್ಲಿ ದುಡಿದವಳು. ಕಾದಂಬರಿ ಓದಿದ್ದೆಲ್ಲ ಸೋಮವಾರ, ವಾರದ ರಜೆಯ ದಿನ, ಮನೆಯಲ್ಲಿ. ಉಳಿದ ದಿನ ಪಂಚಾಯ್ತಿ ಮಾಡುವುದೇ ಆಗುತ್ತಿತ್ತು.

ಗ್ರಂಥಾಲಯ ವಿಜ್ಞಾನ ಓದುವಾಗ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. 1931ರಲ್ಲಿ ಪುಸ್ತಕವಾಗಿ ಬಂದ ಆ ಸೂತ್ರಗಳ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದೇ ‘ಪ್ರಜಾವಾಣಿ’ಗೆ ನಾಲ್ಕು ಜನ ಕೈ ಹಾಕಿದರೆ ಏನು ಮಾಡಬೇಕು ಅಂತ ಆ ಐದರಲ್ಲಿ ಒಂದೂ ಹೇಳುವುದಿಲ್ಲ.

ಶಾಖೆಗೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಒಂದು ಪೇಪರನ್ನು ಮುಖದೆದುರು ಬಿಚ್ಚಿಕೊಂಡು, ಇನ್ನೆರಡನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು ಅವರ ಪದ್ಧತಿ. ಕೇಳಿದರೆ ‘ಓದ್ತಾ ಇದೀನಲ್ಲಮ್ಮಾ’ ಎನ್ನುವರು. ತೊಡೆಯ ಕೆಳಗಿನದನ್ನು ಹೇಗೆ ಓದುತ್ತೀರಿ ಸಾರ್ ಅಂತ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ನನ್ನ ತಂದೆಯ ವಯಸ್ಸು, ಜೊತೆಗೆ ಆ ಬೀದಿಯ ಅರ್ಧ ಜನಕ್ಕೆ ಪಾಠ ಹೇಳಿದವರು. ಕಾಯುತ್ತಿದ್ದವರು ನನ್ನ ಮೇಲೆ ರೇಗುತ್ತಿದ್ದರು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಇಳಿಜಾರು ಸ್ಟ್ಯಾಂಡನ್ನು ಒರೆಸಿ ಎಳೆದು ತಂದೆ. ಬೇಡಿಕೆ ಹೆಚ್ಚಿರುವ ಪೇಪರುಗಳನ್ನು ಅದಕ್ಕೆ ಸಿಕ್ಕಿಸಿ, ನಿಂತೇ ಓದಬೇಕು ಎಂದೆ. ಕುರ್ಚಿಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತಿದ್ದ ಸುದ್ದಿ ನಿಂತಾಗ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಮಂಡಿಯೇ ಗಡಿಯಾರದ ಕೆಲಸ ಮಾಡಿತು. ಮೇಷ್ಟ್ರು ಒಂದು ವಾರ ಮುನಿಸಿಕೊಂಡರು, ಆಮೇಲೆ ಬೀchi ಅಲ್ಲದಿದ್ದರೂ ಬೀchiಯಂಥ ಒಂದು ನಗೆಪುಸ್ತಕ ಕೊಡಮ್ಮಾ ಅಂತ ಕಪಾಟಿನ ಕಡೆ ಬಂದರು. ಮನುಷ್ಯನನ್ನು ತಿದ್ದುವುದಕ್ಕಿಂತ ಮೇಜು ಕುರ್ಚಿ ಸರಿಸುವುದು ಸುಲಭ. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಜಾತಿಯ ಜಗಳ ಟ್ಯಾಕ್ಸಿನದು. ಫೋನಿನಲ್ಲಿ ಜೋರಾಗಿ ಸೈಟಿನ ವ್ಯಾಪಾರ ಮಾತಾಡುವವರನ್ನು ‘ಹೊರಗೆ ಹೋಗಿ ಮಾತಾಡಿ ಸಾರ್’ ಎಂದರೆ ಸಾಕು, ‘ನಾವು ಕಟ್ಟೋ ಟ್ಯಾಕ್ಸಲ್ಲಿ ನಡೆಯೋ ಲೈಬ್ರರಿ ಇದು’ ಅಂತ ಶುರುವಾಗುತ್ತದೆ. ಮಾತು ಸುಳ್ಳಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿ ಬರುತ್ತದೆ, ರೂಪಾಯಿಗೆ ಆರು ಪೈಸೆ. (ವಸೂಲಾದ ಆ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕೊಡದೆ ಬಾಕಿ ಇಟ್ಟುಕೊಳ್ಳುವುದು ಬೇರೆಯೇ ಪುರಾಣ.) ಹಾಗಾಗಿ ನಾನು ವಾದಿಸುವುದನ್ನು ಬಿಟ್ಟು ಒಪ್ಪಿಕೊಳ್ಳಲು ಶುರು ಮಾಡಿದೆ: ‘ಹೌದು ಸಾರ್, ರೂಪಾಯಿಗೆ ಆರು ಪೈಸೆ ನಿಮ್ಮದು. ಪಕ್ಕದಲ್ಲಿ ಕೂತವರದ್ದೂ ಅಷ್ಟೇ.’ ಬಾಡಿಗೆ ಮನೆಯವರೂ ಬಾಡಿಗೆಯ ಒಳಗೇ ಅದನ್ನು ಕಟ್ಟುತ್ತಾರೆ. ಈ ಮಾತಿಗೆ ಎದುರು ಮಾತು ಹೇಳಿದವರು ಕಡಿಮೆ.

ಹೇಳುತ್ತಾ ಹೇಳುತ್ತಾ ಆ ಉತ್ತರವೇ ನನಗೆ ಅಳತೆಗೋಲಾಯಿತು. ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಬಂದಾಗ ನಾನು ನೋಡುವುದು ಒಂದೇ: ಈತ ಪಕ್ಕದವರ ಪಾಲನ್ನು ಕಿತ್ತುಕೊಳ್ಳುತ್ತಿದ್ದಾನೆಯೇ?

ಮಧ್ಯಾಹ್ನದ ಬಿಸಿಲಿಗೆ ಒಬ್ಬ ಅಜ್ಜ ಒಳಗೆ ಬಂದು, ಹಳೆಯ ‘ಸುಧಾ’ ಒಂದನ್ನು ಎದುರಿಗಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮಲಗುವವನು, ಬಟ್ಟೆ ಕೊಳೆ. ‘ಇಂಥೋರನ್ನೆಲ್ಲ ಯಾಕ್ ಬಿಡ್ತೀರಾ ಮೇಡಂ’ ಎಂದು ಇಸ್ತ್ರಿ ಷರ್ಟಿನ ಓದುಗರೊಬ್ಬರು ದೂರು ಪುಸ್ತಕದಲ್ಲೇ ಬರೆದರು. ಅಜ್ಜ ಗೊರಕೆ ಹೊಡೆಯುತ್ತಿರಲಿಲ್ಲ, ಯಾರ ಕುರ್ಚಿಯನ್ನೂ ಕೇಳುತ್ತಿರಲಿಲ್ಲ. ಅವನನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿದೆ, ಗಾಳಿಯಾಡಿತು. ದೂರು ಬರೆದವರಿಗೆ ಆ ಕಡೆ ಕೂರಬೇಡಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಆಗಬೇಕಾದ್ದೂ ಇರಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರದ್ದು ಇಷ್ಟು ಸರಳವಲ್ಲ. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಅಂತ ಒಂದು ಅಧಿಸೂಚನೆ ಬಿದ್ದರೆ ಸಾಕು, ನಾವು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಸಾಲು. ನಮ್ಮ ಪುಸ್ತಕ ಅವರಿಗೆ ಬೇಡ. ಗೈಡು, ನೋಟ್ಸು, ನೀರಿನ ಬಾಟಲಿ ಎಲ್ಲ ಅವರದೇ. ಬೇಕಾದ್ದು ಕುರ್ಚಿ, ಫ್ಯಾನು, ಚಾರ್ಜಿಂಗ್ ಪ್ಲಗ್ಗು. ಒಬ್ಬ ಬಂದು ಐದು ಕುರ್ಚಿಯ ಮೇಲೆ ಐದು ಬ್ಯಾಗು ಇಟ್ಟು ರೂಮಿಗೆ ಹೋಗುತ್ತಾನೆ. ಸ್ನೇಹಿತರು ಹತ್ತೂವರೆಗೆ ಬರುತ್ತಾರೆ. ಅಷ್ಟರಲ್ಲಿ ಮಗುವಿನ ಕೈಹಿಡಿದು ಬಂದ ತಾಯಿ ನಿಂತೇ ವಾಪಸು.

ಇವರನ್ನು ಬೈಯುವುದು ಸುಲಭ, ಬಹಳ ಜನ ಬೈಯುತ್ತಾರೆ. ಹಳ್ಳಿಯಿಂದ ಬಂದು ನಾಲ್ಕು ಜನ ಒಂದೇ ಕೋಣೆಯಲ್ಲಿ ಇರುವವರು, ಮೆಸ್ಸಿನಲ್ಲಿ ಒಂದೇ ಹೊತ್ತು ಉಣ್ಣುವವರು, ಪರೀಕ್ಷೆ ಮುಂದೆ ಹೋಗಿ ವಯಸ್ಸಿನ ಮಿತಿ ಹತ್ತಿರ ಬಂದು ಕೂತವರು ಅವರಲ್ಲಿದ್ದಾರೆ. ಆದರೆ ಐದು ಬ್ಯಾಗು ಐದು ಬ್ಯಾಗೇ. ಅರ್ಧ ಗಂಟೆ ಆಳಿಲ್ಲದ ಬ್ಯಾಗು ನನ್ನ ಮೇಜಿಗೆ ಬರುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿದೆ. ಮೊದಲ ದಿನವೇ ಒಬ್ಬ ಕೂಗಾಡಿದ: ‘ತಿಂಡಿಗೆ ಹೋಗಿದ್ದೆ ಮೇಡಂ, ತಿನ್ನೋದೂ ಬೇಡ್ವಾ?’ ನಾನು ದನಿ ಏರಿಸಲಿಲ್ಲ. ಬೋರ್ಡು ತೋರಿಸಿ, ಅವನ ಕುರ್ಚಿಯಲ್ಲಿ ಕೂತಿದ್ದ ಹುಡುಗಿಯನ್ನು ತೋರಿಸಿ, ‘ಅವಳನ್ನ ನೀನೇ ಏಳಿಸ್ತೀಯೇನಪ್ಪಾ?’ ಅಂದೆ. ಅವಳೂ ಅದೇ ಪರೀಕ್ಷೆಗೆ ಓದುತ್ತಿದ್ದಳು. ಅವನು ಏಳಿಸಲಿಲ್ಲ. ನಿಯಮ ಬಾಯಿಂದ ಬಂದರೆ ಅದು ನನ್ನ ಸಿಟ್ಟು ಅನ್ನಿಸುತ್ತದೆ, ಗೋಡೆಯ ಮೇಲಿದ್ದರೆ ಎಲ್ಲರದ್ದು.

ಬ್ಲೇಡಿನವರ ವಿಷಯಕ್ಕೆ ಬರುತ್ತೇನೆ. ಉದ್ಯೋಗದ ಜಾಹೀರಾತು, ಪದಬಂಧ, ಪ್ರಚಲಿತ ವಿದ್ಯಮಾನದ ಪುಟ ನೀಟಾಗಿ ಕತ್ತರಿಸಿ ಹೋಗಿರುತ್ತವೆ. ಪೇಪರಿನ ಹಿಂದಿನ ಪುಟದಲ್ಲೂ ಒಂದು ಸುದ್ದಿ ಇರುತ್ತದೆ ಎನ್ನುವುದು ಇವರಿಗೆ ಹೊಳೆಯುವುದೇ ಇಲ್ಲ. ಹಿಡಿದು ನಿಲ್ಲಿಸಿದರೆ ಅರ್ಧ ಜನ ಅಳುಮುಖ ಮಾಡುತ್ತಾರೆ. ಬಾಗಿಲ ಬಳಿ ಒಂದು ಫಲಕ ಹಾಕಿ, ಆಯಾ ದಿನದ ಉದ್ಯೋಗ ಪ್ರಕಟಣೆಗಳನ್ನು ನಾವೇ ಕೈಯಲ್ಲಿ ಬರೆದು ಅಂಟಿಸತೊಡಗಿದೆವು, ಫೋನಿನಲ್ಲಿ ಫೋಟೊ ತೆಗೆಯಲು ಬಿಟ್ಟೆವು. ಜಾಹೀರಾತು ಕತ್ತರಿಸುವುದು ಹೆಚ್ಚುಕಡಿಮೆ ನಿಂತಿತು. ಪದಬಂಧದ ಕಳ್ಳರು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ.

ಮೆತ್ತಗಿನ ಮಾತು ನಡೆಯದ ಜಾಗ ಒಂದಿದೆ. ಹೆಣ್ಣುಮಕ್ಕಳ ಎದುರು ಕುರ್ಚಿ ಹುಡುಕಿ ಕೂತು, ಪುಟ ತಿರುಗಿಸದೆ ಒಂದೇ ಸಮನೆ ನೋಡುವವನು. ಅವರು ಜಾಗ ಬದಲಿಸಿದರೆ ತಾನೂ ಬದಲಿಸುವವನು. ಆ ಹುಡುಗಿಯರು ದೂರು ಕೊಡುವುದಿಲ್ಲ, ಮಾರನೆ ದಿನದಿಂದ ಬರುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ದೂರಿಗೆ ಕಾಯಬಾರದು. ನಾನು ಕಿವಿಯಲ್ಲಿ ಪಿಸುಗುಡುವುದಿಲ್ಲ. ಇಡೀ ಹಾಲಿಗೆ ಕೇಳುವಂತೆ, ‘ನೀವು ಏಳಿ, ರಿಜಿಸ್ಟರಿನಲ್ಲಿ ಹೆಸರು ವಿಳಾಸ ಬರೆದು ಹೊರಡಿ’ ಎನ್ನುತ್ತೇನೆ. ಎದ್ದರೆ ಸರಿ, ಇಲ್ಲದಿದ್ದರೆ 112. ಅಟೆಂಡರ್ ರಜೆಯಲ್ಲಿದ್ದು ಒಬ್ಬಳೇ ಇರುವ ಸಂಜೆಗಳಲ್ಲಿ ಭಯವಾಗುತ್ತಿತ್ತು. ಶಾಖೆಗಳಲ್ಲಿ ಒಬ್ಬರನ್ನೇ ಬಿಟ್ಟು ಎಲ್ಲ ಸರಿಯಿರಲಿ ಎಂದು ನಿರೀಕ್ಷಿಸುವುದು ತಪ್ಪು ಎಂದು ನಾನು ಮೀಟಿಂಗುಗಳಲ್ಲೂ ಹೇಳಿದ್ದೇನೆ.

ತಮ್ಮದೇ ಪುಸ್ತಕವನ್ನು ಹಿಂದಿನ ಸಾಲಿನಿಂದ ತೆಗೆದು ಮುಂದಿನ ಸಾಲಿಗೆ ಇಟ್ಟು ಹೋಗುವ ಲೇಖಕರೂ ಇದ್ದಾರೆ. ಅವರು ಹೋದ ಮೇಲೆ ನಾವು ಮತ್ತೆ ಹಿಂದಕ್ಕೆ ಇಡುತ್ತೇವೆ. ಇದರಿಂದ ಯಾರಿಗೂ ನಷ್ಟವಿಲ್ಲ.

ನಷ್ಟ ಮಾಡುವವರು ಜಗಳವನ್ನೇ ಆಡದವರು. ಪುಸ್ತಕ ಒಯ್ಯುತ್ತಾರೆ, ಹದಿನೈದು ದಿನ ದಾಟುತ್ತದೆ, ನಾಚಿಕೆಯಾಗುತ್ತದೆ, ವರ್ಷ ದಾಟುತ್ತದೆ, ಆಮೇಲೆ ಗ್ರಂಥಾಲಯದ ಬೀದಿಯಲ್ಲೇ ಓಡಾಡುವುದಿಲ್ಲ. ಅಚ್ಚಿನಲ್ಲಿ ಇಲ್ಲದ ಪುಸ್ತಕವಾದರೆ ಠೇವಣಿ ಮುಟ್ಟುಗೋಲು ಹಾಕಿಕೊಂಡು ನಾವು ಮಾಡುವುದಾದರೂ ಏನು? ನಿಮ್ಮ ಅಟ್ಟದಲ್ಲೋ ಟ್ರಂಕಿನಲ್ಲೋ ನಮ್ಮ ಮುದ್ರೆಯ ಪುಸ್ತಕವಿದ್ದರೆ ದಯವಿಟ್ಟು ತಂದುಕೊಡಿ. ಎಷ್ಟು ವರ್ಷವಾಯಿತು ಎಂದು ಹೇಳುವುದೂ ಬೇಡ, ಮೇಜಿನ ಮೇಲಿಟ್ಟು ಹೋದರೂ ಆದೀತು. ಸೋಮವಾರ ಮಾತ್ರ ಬರಬೇಡಿ, ಬಾಗಿಲು ಹಾಕಿರುತ್ತದೆ.