ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಮುನ್ನ

ಬೀದರ್ ಜಿಲ್ಲೆಯ ನಿರ್ಣಾ ಸುತ್ತಲಿನ ಶಾಲೆಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬಸವಕಲ್ಯಾಣದ ಕೋಟೆಗೆ, ಜಲಸಂಗವಿ ಗುಡಿಗೆ, ಹೊನ್ನಿಕೇರಿ ಅಡವಿಗೆ ಹೊರಡುವ ಮಾಸ್ತರರೇ, ಅಕ್ಕೋರೇ, ಸ್ವಲ್ಪ ನಿಲ್ಲಿ. ಕೋಣೆ ಕೂಸು ಕೊಳೀತು, ಓಣಿ ಕೂಸು ಬೆಳೀತು ಅಂತಾರೆ. ನೀವು ಮಾಡುತ್ತಿರುವುದು ಒಳ್ಳೆಯ ಕೆಲಸವೇ. ಆದರೆ ಬಸ್ಸು ಹತ್ತಿಸಿ ತಲೆ ಎಣಿಸಿದರೆ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುತ್ತೀರಲ್ಲ, ಅದು ಸರಿಯಲ್ಲ.

ನಮ್ಮ ಭಾಗದ ಒಂದು ತಂಡದಲ್ಲಿ ಕನ್ನಡ, ಉರ್ದು, ಮರಾಠಿ, ತಾಂಡಾದ ಲಂಬಾಣಿ ಮಾತು ಎಲ್ಲವೂ ಇರುತ್ತವೆ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಒಂದೇ ಓಣಿಯವರು ಒಟ್ಟಿಗೆ ಕೂಡುತ್ತಾರೆ. ಗುಂಪು ನೀವೇ ಮಾಡಿ, ಐದಾರು ಮಕ್ಕಳಿಗೊಂದು. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಚಳವಳಿಗೆ ಬುನಾದಿಯಾದ ಶಿಬಿರ ನಡೆಸಿದಾಗ, ಸಿರಿವಂತರ ಶಾಲೆಯ ಹುಡುಗರನ್ನೂ ದುಡಿದುಣ್ಣುವವರ ಮನೆಯ ಹುಡುಗರನ್ನೂ ಬೆರೆಸಿ ನಾಲ್ಕು ಪಡೆ ಕಟ್ಟಿದರು. ಒಂದೊಂದು ಪಡೆಗೂ ಹುಡುಗನೇ ನಾಯಕ. ನೀವೋ, ಗಟ್ಟಿ ಗಂಟಲಿನವನನ್ನೇ ಪ್ರತಿಸಲ ನಾಯಕ ಮಾಡುತ್ತೀರಿ. ಬಾಯಿ ಬಿಡದ ಹುಡುಗಿಗೂ ಒಂದು ಹೊತ್ತು ನಾಯಕತ್ವ ಕೊಟ್ಟು ನೋಡಿ.

ಜಲಸಂಗವಿಯಲ್ಲಿ ಶಾಸನ ಬರೆಯುತ್ತಾ ನಿಂತ ಶಿಲಾಬಾಲಿಕೆ ಇದ್ದಾಳಲ್ಲ, ಅವಳ ಮುಂದೆ ಅರ್ಧ ಗಂಟೆ ಭಾಷಣ ಬಿಗಿಯಬೇಡಿ. ಕೈಯಲ್ಲಿ ಏನಿದೆ, ಏನು ಮಾಡುತ್ತಿದ್ದಾಳೆ ಎಂದು ಮಕ್ಕಳನ್ನೇ ಕೇಳಿ. ಅವಳು ಬರೆಯುತ್ತಿರುವುದು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಎಂಬುದನ್ನು ಆಮೇಲೆ ಹೇಳಿ. ಒಬ್ಬ ಹುಡುಗ ಅದನ್ನು ಉರ್ದುವಿನಲ್ಲಿ, ಇನ್ನೊಬ್ಬಳು ಲಂಬಾಣಿಯಲ್ಲಿ ಗೆಳೆಯರಿಗೆ ತಿಳಿಸಲಿ. ಪಾಠ ಎರಡು ಸಲ ಆಗುತ್ತದೆ, ಯಾರ ಮಾತೂ ಕೀಳಲ್ಲ ಎಂಬುದೂ ತಿಳಿಯುತ್ತದೆ.

ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಕಣ್ಣು ತೆರೆದಿರಲಿ. ತತ್ತಿ ತಂದ ಮಗುವನ್ನು ದೂರ ಕೂಡಿಸುವುದು, ಬೇಡವೆಂದವನ ತಾಟಿಗೆ ಒತ್ತಾಯದಿಂದ ಹಾಕುವುದು, ಎರಡೂ ತಪ್ಪು. ರೋಜಾ ಹಿಡಿದವರಿದ್ದರೆ ಆ ತಿಂಗಳು ಹೋಗಲೇಬೇಕೆ? ಪ್ರವಾಸದ ರೊಕ್ಕ ಕೊಡದವರ ಹೆಸರನ್ನು ಎಲ್ಲರೆದುರು ಕೂಗುವ ಚಟವಂತೂ ಬಿಟ್ಟೇಬಿಡಿ.

ಬೆಂಕಿ ಬಿದ್ದಾಗ ಬಾವಿ ತೋಡಬೇಡಿ. ಯಾರಿಗೆ ದಮ್ಮು, ಯಾರಿಗೆ ಫಿಟ್ಸ್, ಯಾವ ಔಷಧ ಎಂದು ಮನೆಯವರನ್ನು ಕೇಳಿ ಮೊದಲೇ ಬರೆದಿಟ್ಟುಕೊಳ್ಳಿ. ಹೆಣ್ಣುಮಕ್ಕಳಿದ್ದರೆ ಅಕ್ಕೋರೊಬ್ಬರು ಬೇಕೇಬೇಕು. ಶೌಚಾಲಯ ಎಲ್ಲಿದೆ ನೋಡಿಕೊಂಡು ಬನ್ನಿ, ಚೀಲದಲ್ಲಿ ಪ್ಯಾಡ್ ಇರಲಿ. ನಮ್ಮ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ ಮಧ್ಯಾಹ್ನ ಯಾರನ್ನೂ ನಡೆಸಬೇಡಿ. ಕಾರಂಜಾ ಹಿನ್ನೀರಿಗೆ ಮಕ್ಕಳನ್ನು ಇಳಿಸಬೇಡಿ, ಸೆಲ್ಫಿಗೂ ಬೇಡ. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ನಡೆಯುವಾಗ ನಿಮ್ಮಲ್ಲಿ ಒಬ್ಬರು ಕಡೆಯ ಮಗುವಿನ ಹಿಂದೆ ಇರಿ. ಕಾಲು ಸೋತವನ ಹೆಜ್ಜೆಗೆ ಇಡೀ ತಂಡ ನಡೆಯಲಿ. ಮುಂದಿನವರು ಓಡಿ ಗೆಲ್ಲುವಂಥದ್ದೇನೂ ಅಲ್ಲಿಲ್ಲ. ಸಂಜೆ ತಾಂಡಾಕ್ಕೆ ಬಸ್ಸು ಸಿಗದಿದ್ದರೆ ಆ ಮಕ್ಕಳನ್ನು ಮನೆ ಬಾಗಿಲವರೆಗೆ ಬಿಟ್ಟು, ಆಮೇಲೆ ನಿಮ್ಮ ಮನೆಗೆ ಹೋಗಿ.